ನಾಲ್ಕು ಚಕ್ರಕ್ಕೆ ನಾಲ್ಕು ದಾರಿ

ಹಳೆ ಜೀಪು ಕೊಂಡ ಹೊಸದರಲ್ಲಿ ನಾನು ಒಂದು ಪೆದ್ದು ಕೆಲಸ ಮಾಡಿದೆ. ಆಶ್ಲೇಷಾ ಮಳೆ ಹೊಡೆಯುತ್ತಿತ್ತು. ತೀರ್ಥಹಳ್ಳಿಯಿಂದ ಹೊರಟು ಆಗುಂಬೆ ಘಾಟಿ ಇಳಿಯಬೇಕಿತ್ತು. ನಾಲ್ಕೂ ಚಕ್ರ ಎಳೆದರೆ ಹಿಡಿತ ಜಾಸ್ತಿ ಅಲ್ವಾ ಅಂತ ಆಗುಂಬೆಯಲ್ಲೇ ಮುಂದಿನ ಚಕ್ರಕ್ಕೂ ಎಳೆತ ಕೊಡುವ ಫ್ರಂಟ್ ಗೇರ್ ಹಾಕಿಬಿಟ್ಟೆ. ಘಾಟಿಯ ಅರ್ಧದಲ್ಲಿ ಮಳೆ ಬಿಟ್ಟಿತು. 14 ತಿರುವು ಮುಗಿಸಿ ಸೋಮೇಶ್ವರ ಮುಟ್ಟುವಾಗ ಸ್ಟೇರಿಂಗ್ ಕಲ್ಲಾಗಿತ್ತು. ಫ್ರಂಟ್ ಗೇರಿನ ಲಿವರ್ ಎಳೆದರೆ ಅಲ್ಲಾಡಲಿಲ್ಲ. ಗಾಡಿಯ ಹೊಟ್ಟೆಯೊಳಗೆ ಏನೋ ಮುರಿದಿದೆ ಅಂತಲೇ ಅಂದುಕೊಂಡೆ.

ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರ್ ಒಬ್ಬರು ನನ್ನ ಒದ್ದಾಟ ನೋಡಿ, "ಸೀದಾ ಹತ್ತು ಮಾರು ರಿವರ್ಸ್ ಹೋಗಿ, ತಾನೇ ಬಿಡ್ತದೆ" ಅಂದರು. ಹೋದೆ. ಟಕ್ ಅಂತ ಬಿಟ್ಟಿತು. ಅವರು ಯಾಕೆ ಅಂತ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆಮೇಲೆ ಮನೆಯಲ್ಲಿ ಕಾಗದ ಪೆನ್ಸಿಲ್ ಹಿಡಿದು ಕೂತಾಗ ಗೊತ್ತಾಯಿತು.

ಎತ್ತಿನ ಗಾಡಿ ಹೊಡೆದವರಿಗೂ ಬಸ್ಸು ಓಡಿಸಿದವರಿಗೂ ಒಂದು ವಿಷಯ ಗೊತ್ತು. ತಿರುವಿನಲ್ಲಿ ಒಳಗಿನ ಚಕ್ರಕ್ಕೆ ದಾರಿ ಕಡಿಮೆ, ಹೊರಗಿನದಕ್ಕೆ ಜಾಸ್ತಿ. ಅಷ್ಟೇ ಅಲ್ಲ, ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಚಕ್ರ ದಾಟಿದ ಚರಂಡಿಗೆ ಹಿಂದಿನದು ಬೀಳುವುದು ಅದಕ್ಕೇ. ಅಂದರೆ ನಾಲ್ಕು ಚಕ್ರಕ್ಕೆ ನಾಲ್ಕು ಬೇರೆ ಬೇರೆ ದಾರಿ.

ಮಾರುತಿ ಜಿಪ್ಸಿಯ ಅಳತೆ ತೆಗೆದುಕೊಳ್ಳೋಣ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2.375 ಮೀಟರ್. ಎಡ ಚಕ್ರದಿಂದ ಬಲ ಚಕ್ರಕ್ಕೆ ಸುಮಾರು 1.3 ಮೀಟರ್. ಹಿಂದಿನ ಆಕ್ಸಲಿನ ಮಧ್ಯಭಾಗ 6 ಮೀಟರ್ ತ್ರಿಜ್ಯದಲ್ಲಿ ಅರ್ಧ ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ. ಅದು ನಡೆಯುವ ದಾರಿ 18.85 ಮೀಟರ್. ಅದೇ ತಿರುವಿನಲ್ಲಿ ಮುಂದಿನ ಆಕ್ಸಲ್ ನಡೆಯುವುದು 20.27 ಮೀಟರ್. ಹೆಚ್ಚುಕಮ್ಮಿ 1.4 ಮೀಟರ್ ವ್ಯತ್ಯಾಸ. ಎಡ ಬಲದ ವ್ಯತ್ಯಾಸ ಇನ್ನೂ ದೊಡ್ಡದು, ಅರ್ಧ ಸುತ್ತಿಗೆ 4 ಮೀಟರಿಗೂ ಜಾಸ್ತಿ. ಇದರಲ್ಲಿ ಒಂದು ತಮಾಷೆ ಇದೆ. ತಿರುವು ಬಿಗಿಯಾಗಿರಲಿ, ಸಡಿಲವಾಗಿರಲಿ, ಈ 4 ಮೀಟರ್ ಬದಲಾಗುವುದಿಲ್ಲ. ಎಡ ಬಲದ ಅಗಲವನ್ನು 3.14ರಿಂದ ಗುಣಿಸಿದರೆ ಸಿಗುವ ಸಂಖ್ಯೆ ಅದು.

ಎಡ ಬಲದ ಜಗಳ ಬಿಡಿಸುವುದಕ್ಕೆ ಡಿಫ್ರೆನ್ಷಿಯಲ್ ಇದೆ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬರೀ 'ಡಿಫ್ರೆನ್ಸ್'. ಎರಡು ಚಕ್ರವೂ ತಮಗೆ ಬೇಕಾದ ವೇಗದಲ್ಲಿ ತಿರುಗಲಿ ಅಂತ ಬಿಟ್ಟುಕೊಡುವ ಗೇರುಗಳ ಪೆಟ್ಟಿಗೆ. ಅದೂ ಅಲ್ಲದೆ ಒಂದು ತಿರುವು ಎಡಕ್ಕಾದರೆ ಮುಂದಿನದು ಬಲಕ್ಕೆ, ಲೆಕ್ಕ ಅಲ್ಲಲ್ಲಿಗೆ ಚುಕ್ತಾ ಆಗುತ್ತದೆ. ಹಿಂದೆ ಮುಂದಿನ ಲೆಕ್ಕ ಹಾಗಲ್ಲ. ಯಾವ ಕಡೆ ತಿರುಗಿದರೂ ಮುಂದಿನ ಆಕ್ಸಲ್ಲೇ ಜಾಸ್ತಿ ನಡೆಯಬೇಕು. ಸಾಲ ಬೆಳೆಯುತ್ತಲೇ ಹೋಗುತ್ತದೆ. ಎಲ್ಲವೂ ಪೂರ್ತಿ ಅರ್ಧ ಸುತ್ತಿನ ತಿರುವು ಅಂತ ಹಿಡಿದರೆ 14 ತಿರುವಿಗೆ ಸುಮಾರು 20 ಮೀಟರ್ ಆಯಿತು.

ವಿಲ್ಲಿಸ್ ಜಾತಿಯ ಜೀಪಿನಲ್ಲಿ, ಜಿಪ್ಸಿಯಲ್ಲಿ, ಮುಂದಿನ ಆಕ್ಸಲಿಗೆ ಎಳೆತ ಒಯ್ಯುವ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ಡಿಫ್ರೆನ್ಷಿಯಲ್ ಇಲ್ಲ. ಗೇರ್ ಬಾಕ್ಸಿಗೆ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸ್ ಫ್ರಂಟ್ ಗೇರ್ ಹಾಕಿದ ತಕ್ಷಣ ಎರಡನ್ನೂ ಗಟ್ಟಿಯಾಗಿ ಕಟ್ಟಿಹಾಕುತ್ತದೆ. ಕೆಸರಿನಲ್ಲಿ ತೊಂದರೆ ಇಲ್ಲ, ಟೈರು ಸ್ವಲ್ಪ ಜಾರಿ ಸಾಲ ತೀರಿಸುತ್ತದೆ. ಡಾಂಬರಿನಲ್ಲಿ ಟೈರು ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಆಗ ಶಾಫ್ಟು, ಗೇರಿನ ಹಲ್ಲು, ಶಾಫ್ಟಿನ ತುದಿಯ ಬಾಗುವ ಕೀಲಾದ ಕ್ರಾಸು ಎಲ್ಲ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಕೂರುತ್ತವೆ. ಲಿವರ್ ಬಿಡದೆ ಹಿಡಿದಿದ್ದು ಆ ಬಿಗಿ. ರಿವರ್ಸ್ ಹೋದಾಗ ಬಿಚ್ಚಿಕೊಂಡಿದ್ದೂ ಅದೇ.

ಹಾಗಾದರೆ ಫ್ರಂಟ್ ಗೇರ್ ಬೇಕಾಗುವುದು ಎಲ್ಲಿ? ನಮ್ಮ ಮನೆಯ ಚಡಾವಿಗೇ ಬನ್ನಿ. ನಾಲ್ಕು ಅಡಿಗೆ ಒಂದು ಅಡಿ ಏರು, ಮೇಲೆ ಜಂಬಿಟ್ಟಿಗೆಯ ಕೆಂಪು ಮಣ್ಣು. 1200 ಕೆಜಿ ತೂಕದ ಗಾಡಿಯನ್ನು ಈ ಏರು 300 ಕೆಜಿ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಒದ್ದೆ ಮಣ್ಣಿನಲ್ಲಿ ಟೈರಿಗೆ ಸಿಗುವ ಹಿಡಿತ ಅದರ ಮೇಲಿನ ಭಾರದ ಹತ್ತರಲ್ಲಿ ಮೂರು ಪಾಲು ಅಂತ ಅಂದಾಜು ಮಾಡೋಣ. ಏರುವಾಗ ಹಿಂದಿನ ಚಕ್ರಗಳ ಮೇಲೆ 700 ಕೆಜಿ ಇದ್ದರೆ ಅವು ಕೊಡುವ ತಳ್ಳು 210 ಕೆಜಿ. ಸಾಲದು, ಚಕ್ರ ಸುಮ್ನೆ ತಿರುಗುತ್ತದೆ. ನಾಲ್ಕೂ ಚಕ್ರ ಸೇರಿದರೆ 360. ಗಾಡಿ ಏರುತ್ತದೆ. ಈ ಲೆಕ್ಕದಲ್ಲಿ ಇಂಜಿನ್ನಿನ ಶಕ್ತಿಯ ಮಾತೇ ಬರಲಿಲ್ಲ ನೋಡಿ. ಕೆಸರಿನಲ್ಲಿ ಮೊದಲು ಮುಗಿಯುವುದು ಹಿಡಿತ, ಶಕ್ತಿ ಅಲ್ಲ.

ಶಕ್ತಿಯ ಕೊರತೆ ಇದ್ದರೂ ಅದನ್ನು ಟ್ರಾನ್ಸ್‌ಫರ್ ಕೇಸಿನಲ್ಲೇ ಇರುವ ಲೋ ಗೇರ್ ನೋಡಿಕೊಳ್ಳುತ್ತದೆ. ಮಹೀಂದ್ರಾ ಇಲ್ಲಿ ತಯಾರಿಸಿದ ಸಿಜೆ-3ಬಿ ಜೀಪಿನಲ್ಲಿ ಫಸ್ಟ್ ಗೇರು, ಲೋ ಗೇರು, ಆಕ್ಸಲಿನೊಳಗಿನ ಕ್ರೌನ್ ಪಿನಿಯನ್ ಗೇರು ಮೂರೂ ಸೇರಿದರೆ ಇಂಜಿನ್ನು ಸುಮಾರು 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. ಮನುಷ್ಯ ನಡೆಯುವ ವೇಗ. ಕೊಡಚಾದ್ರಿಯ ದಾರಿಯಲ್ಲಿ ಕಲ್ಲಿನ ಮೇಲೆ ಜೀಪು ಹತ್ತಿಸುವ ಹುಡುಗರು ಆಕ್ಸಲರೇಟರ್ ಒತ್ತದೇ ಹೋಗುವುದು ಸುಮ್ಮನೆ ಅಲ್ಲ. ಇಳಿಯುವಾಗಲೂ ಅದೇ ಗೇರು ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕಿನ ಲೈನಿಂಗ್ ಸುಡುವುದಿಲ್ಲ.

ಇಷ್ಟಾದರೂ ಗಾಡಿ ಹೂತುಕೊಳ್ಳುತ್ತದೆ. ಅದಕ್ಕೆ ಕಾರಣ ಆಗಲೇ ಹೊಗಳಿದ ಡಿಫ್ರೆನ್ಷಿಯಲ್ಲೇ. ಅದು ವೇಗವನ್ನು ಬೇಕಾದ ಹಾಗೆ ಹಂಚುತ್ತದೆ, ಆದರೆ ತಿರುಚುವ ಬಲವನ್ನು ಎರಡೂ ಕಡೆಗೆ ಸಮಸಮ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾಗುವುದು ಚೂರೇ ಚೂರು ಬಲ. ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು ಅಷ್ಟೇ. ಮುಂದೆ ಎಡದ್ದು, ಹಿಂದೆ ಬಲದ್ದು ಹೀಗೆ ಓರೆಯಾಗಿ ಎರಡು ಚಕ್ರ ಮೇಲೆದ್ದರೆ ಫೋರ್ ವೀಲ್ ಗಾಡಿಯೂ ನಿಂತಲ್ಲೇ ನಿಂತಿತು. ಬ್ರೇಕನ್ನು ಮೆಲ್ಲಗೆ ಒತ್ತಿಹಿಡಿದು ಆಕ್ಸಲರೇಟರ್ ಕೊಡುವುದು ಹಳೆಯ ಉಪಾಯ. ಗಾಳಿಯಲ್ಲಿರುವ ಚಕ್ರಕ್ಕೆ ಸುಳ್ಳು ಭಾರ ಹುಟ್ಟುತ್ತದೆ, ಆ ಕಡೆಯದಕ್ಕೂ ಪಾಲು ಸಿಗುತ್ತದೆ. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಮಾಡುವುದೂ ಇದನ್ನೇ, ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ. ಹ್ಯಾಂಡ್ ಬ್ರೇಕಿನಲ್ಲಿ ಮಾತ್ರ ಇದನ್ನು ಪ್ರಯತ್ನಿಸಬೇಡಿ. ವಿಲ್ಲಿಸ್ ಜೀಪಿನಲ್ಲಿ ಅದು ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನ ಮೇಲಿದೆ. ಒತ್ತಿದರೆ ಇಂಜಿನ್ನಿಗೇ ಅಡ್ಡ.

ಜೀಪು ಹಾಗೆ. ಇನ್ನು ಹಳೆಯ ಆಲ್ ವೀಲ್ ಡ್ರೈವ್ ಕಾರುಗಳಿಗೆ ಬಂದರೆ, ಅವು ಹಿಂದೆ ಮುಂದಿನ ಸಾಲಕ್ಕೆ ಬೇರೆ ಬೇರೆ ದಾರಿ ಹುಡುಕಿದವು. 1966ರ ಜೆನ್ಸನ್ ಎಫ್‌ಎಫ್, 1980ರ ಔಡಿ ಕ್ವಾಟ್ರೋ ಎರಡೂ ಹಿಂದಿನ ಮುಂದಿನ ಶಾಫ್ಟುಗಳ ನಡುವೆಯೂ ಒಂದು ಡಿಫ್ರೆನ್ಷಿಯಲ್ ಇಟ್ಟವು. ಆಮೇಲೆ ಬಂದ ಎಷ್ಟೋ ಕಾರುಗಳಲ್ಲಿ ಆ ಜಾಗದಲ್ಲಿ ವಿಸ್ಕಸ್ ಕಪ್ಲಿಂಗ್ ಇರುತ್ತದೆ. ಒಂದು ಡಬ್ಬಿ, ಒಳಗೆ ಒಂದರ ಪಕ್ಕ ಒಂದು ತೆಳ್ಳಗಿನ ತಟ್ಟೆಗಳು, ಮಧ್ಯೆ ಜೇನಿನಂಥ ಸಿಲಿಕೋನ್ ಎಣ್ಣೆ. ವೇಗದ ವ್ಯತ್ಯಾಸ ಕಡಿಮೆ ಇದ್ದರೆ ತಟ್ಟೆಗಳು ಜಾರಿಕೊಂಡು ಹೋಗುತ್ತವೆ. ಜಾಸ್ತಿಯಾದರೆ ಎಣ್ಣೆಯೇ ಅವನ್ನು ಎಳೆದು ಜೊತೆಗೆ ತಿರುಗಿಸುತ್ತದೆ. ಇನ್ನು ಕೆಲವದರಲ್ಲಿ ಎರಡು ಪುಟ್ಟ ಪಂಪು, ಒಂದು ಹಿಂದಿನ ಚಕ್ರಗಳ ಜೊತೆ ತಿರುಗುತ್ತದೆ, ಇನ್ನೊಂದು ಮುಂದಿನ ಚಕ್ರಗಳ ಜೊತೆ. ಎರಡರ ವೇಗ ಬೇರೆಯಾದಾಗ ಒತ್ತಡ ಹುಟ್ಟಿ ಕ್ಲಚ್ಚು ಹಿಡಿಯುತ್ತದೆ. ಸಾಗರದ ಗೆಳೆಯನೊಬ್ಬನ ಹಳೆ ಎಸ್‌ಯುವಿ ಇಂಥದ್ದು. ಗೇಟಿನ ಹತ್ತಿರ ತಿರುಗಿಸುವಾಗೆಲ್ಲ ಎಮ್ಮೆಯ ಹಾಗೆ ನರಳುತ್ತಿತ್ತು. ಇಡೀ ಡಿಫ್ರೆನ್ಷಿಯಲ್ ಬದಲಿಸಬೇಕು ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದ್ದರಂತೆ. ಕಂಪನಿ ಹೇಳಿದ ಸರಿಯಾದ ಎಣ್ಣೆ ತುಂಬಿದ ಮೇಲೆ ಸದ್ದು ನಿಂತಿತು. ಕ್ಲಚ್ಚಿನ ಹದ ತಪ್ಪಿಸಿದ್ದು ಹಳಸಿದ ಎಣ್ಣೆ.

ಈ ಕಾರುಗಳ ದೊಡ್ಡ ಶತ್ರು ಬೇರೆ ಬೇರೆ ಸವೆತದ ಟೈರು. ದುಡ್ಡು ಉಳಿಸಲು ನಾವೆಲ್ಲ ಎರಡೆರಡೇ ಟೈರು ಹಾಕಿಸುತ್ತೇವೆ. ಹೊಸ ಟೈರಿಗಿಂತ ಹಳೆಯದು 6 ಮಿಲಿಮೀಟರ್ ಸವೆದಿದ್ದರೆ ಒಂದು ಸುತ್ತಿಗೆ 38 ಮಿಲಿಮೀಟರ್ ಕಡಿಮೆ ನಡೆಯುತ್ತದೆ. ಜಿಪ್ಸಿಯ ಟೈರಿನಷ್ಟು ದೊಡ್ಡದಾದರೆ ಕಿಲೋಮೀಟರಿಗೆ ಸುಮಾರು 18 ಮೀಟರ್ ಆಯಿತು. ಶಿವಮೊಗ್ಗದಿಂದ ಬೆಂಗಳೂರಿಗೆ ನೆಟ್ಟಗೆ ಹೋದರೂ ಕಪ್ಲಿಂಗ್ ದಾರಿಯುದ್ದಕ್ಕೂ ತಿರುವಿನಲ್ಲೇ ಇದ್ದ ಹಾಗೆ ಬೇಯುತ್ತಿರುತ್ತದೆ. ಜೀಪಾದರೆ ಲಿವರ್ ತೆಗೆದು ಬಚಾವಾಗಬಹುದು. ಈ ಕಾರುಗಳಲ್ಲಿ ತೆಗೆಯಲು ಲಿವರ್ರೇ ಇಲ್ಲ.

ಮಾಡಿಫಿಕೇಶನ್ ಅಂದ ಕೂಡಲೇ ಹುಡುಗರಿಗೆ ಮೊದಲು ಹೊಳೆಯುವುದು ಎತ್ತರ ಮತ್ತು ದಪ್ಪ ಟೈರು. ನನಗೆ ಮೊದಲು ಹೊಳೆಯುವುದು ಬ್ರೀದರ್ ಪೈಪು. ಬ್ರೀದರ್ ಅಂದರೆ ಆಕ್ಸಲ್ ಉಸಿರಾಡುವ ಪುಟ್ಟ ತೂತು. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ತೂತಿನಿಂದಲೋ ಹಳೆ ಸೀಲಿನ ಸಂದಿಯಿಂದಲೋ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಮಳೆಗಾಲ ಮುಗಿದು ಡ್ರೈನ್ ಪ್ಲಗ್ ಬಿಚ್ಚಿದರೆ ಗೇರ್ ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಸುರಿಯುತ್ತದೆ. ಅದರಲ್ಲೇ ಇನ್ನೊಂದು ವರ್ಷ ಓಡಿಸಿದರೆ ಬೇರಿಂಗು ಹೋಯಿತು. ಬ್ರೀದರಿಗೊಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ತಂದು ಕಟ್ಟಿದರೆ ಕೆಲಸ ಮುಗಿಯಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಮಾಡಿಫಿಕೇಶನ್ ಇನ್ನೊಂದಿಲ್ಲ. ಆದರೆ ಫೋಟೋದಲ್ಲಿ ಕಾಣುವುದಿಲ್ಲ, ಅದೇ ಅದರ ದೋಷ.

ಎರಡನೆಯದು ಫ್ರೀ ವೀಲಿಂಗ್ ಹಬ್. ಫ್ರಂಟ್ ಗೇರ್ ತೆಗೆದರೂ ಮುಂದಿನ ಚಕ್ರ ತನ್ನ ಶಾಫ್ಟು, ಕ್ರೌನ್ ಎಲ್ಲವನ್ನೂ ಸುಮ್ನೆ ತಿರುಗಿಸುತ್ತಲೇ ಇರುತ್ತದೆ. ಹಬ್ಬನ್ನು ಬಿಡಿಸಿದರೆ ಚಕ್ರ ಮಾತ್ರ ತಿರುಗುತ್ತದೆ. ಯುದ್ಧ ಮುಗಿಸಿ ಊರಿಗೆ ಬಂದ ಜೀಪುಗಳು ರಸ್ತೆಯಲ್ಲಿ ಹಗುರವಾಗಿ ಓಡಲಿ ಅಂತ ಅಮೆರಿಕದ ವಾರ್ನ್ ಕಂಪನಿ 1948ರಲ್ಲಿ ಇದನ್ನು ಮಾಡಲು ಶುರುಮಾಡಿತು. ಒಂದೇ ಕಿರಿಕಿರಿ. ಜೋರು ಮಳೆಯಲ್ಲಿ, ಕಾಲಿಗೆ ಇಂಬಳ ಹತ್ತಿಸಿಕೊಳ್ಳುತ್ತಾ, ಕೆಸರಿಗೆ ಇಳಿದು ಕೈಯಲ್ಲಿ ತಿರುಗಿಸಬೇಕು. ಹೂತ ಮೇಲೆ ನೆನಪಾಗುವುದೇ ಜಾಸ್ತಿ.

ದೊಡ್ಡ ಟೈರಿನ ಆಸೆ ತಪ್ಪಲ್ಲ, ಲೆಕ್ಕ ಗೊತ್ತಿರಲಿ. ಜಿಪ್ಸಿಯ 205/70 ಆರ್ 15 ತೆಗೆದು 235/75 ಆರ್ 15 ಹಾಕಿದರೆ ಟೈರಿನ ಎತ್ತರ ಸುಮಾರು ಆರೂವರೆ ಸೆಂಟಿಮೀಟರ್ ಏರುತ್ತದೆ. ಆಕ್ಸಲಿನ ಕೆಳಗೆ ಸಿಗುವ ಲಾಭ ಅದರ ಅರ್ಧ. ಗೇರುಗಳೆಲ್ಲ ಹತ್ತಿರ ಹತ್ತಿರ 10 ಪರ್ಸೆಂಟ್ ಉದ್ದವಾಗುತ್ತವೆ, ಚಡಾವಿನಲ್ಲಿ ಗಾಡಿ ಏದುಸಿರು ಬಿಡುತ್ತದೆ. ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ. ನಮ್ಮ ಕೆಸರಿಗಂತೂ ಅಗಲದ ಟೈರಿಗಿಂತ ಇಕ್ಕಟ್ಟಿನ, ಆಳ ಹಲ್ಲಿನ ಟೈರೇ ವಾಸಿ. ಮೇಲಿನ ಲೊಳೆ ಸೀಳಿ ಕೆಳಗಿನ ಗಟ್ಟಿ ಮಣ್ಣು ಮುಟ್ಟುತ್ತದೆ. ಅದಕ್ಕೂ ಬಗ್ಗದ ದಾರಿಗೆ ಚಕ್ರಕ್ಕೆ ಚೈನ್ ಸುತ್ತುವುದು ಇದ್ದೇ ಇದೆ.

ಸ್ಪ್ರಿಂಗ್ ಎತ್ತರಿಸುವವರು ಒಮ್ಮೆ ಶಾಫ್ಟಿನ ಕ್ರಾಸ್ ನೋಡಬೇಕು. ಕ್ರಾಸ್ ಬಾಗಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಸುತ್ತಿಗೆ ಎರಡು ಸಲ ಮುಂದಕ್ಕೆ ನೂಕಿ, ಎರಡು ಸಲ ಹಿಂದಕ್ಕೆ ಎಳೆಯುತ್ತದೆ. 10 ಡಿಗ್ರಿ ಬಾಗಿದ್ದರೆ ಈ ಏರಿಳಿತ ಒಂದೂವರೆ ಪರ್ಸೆಂಟ್ ಅಷ್ಟೇ. 25 ಡಿಗ್ರಿಗೆ 10 ಪರ್ಸೆಂಟ್. ಎರಡು ತುದಿಯ ಕ್ರಾಸುಗಳ ಕೋನ ಸಮವಾಗಿದ್ದರೆ ಒಂದರ ತಪ್ಪನ್ನು ಇನ್ನೊಂದು ಸರಿಮಾಡುತ್ತದೆ. ಅಳತೆ ನೋಡದೆ ಎತ್ತರಿಸಿದರೆ ಆ ಸಮ ತಪ್ಪುತ್ತದೆ. ಎತ್ತರಿಸಿದ ಗಾಡಿ 60ರ ವೇಗದಲ್ಲಿ ನಡುಗುತ್ತದೆ ಅಂತ ಟೈರಿಗೆ ಅಲೈನ್‌ಮೆಂಟ್ ಮಾಡಿಸುತ್ತಾ ಕೂತವರನ್ನು ನೋಡಿದ್ದೇನೆ.

ಕೊನೆಗೆ ಡಿಫ್ರೆನ್ಷಿಯಲ್ ಲಾಕ್, ಅಂದರೆ ಎಡ ಬಲದ ಚಕ್ರ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುವ ಕೊಂಡಿ. ಹಿಂದಿನ ಆಕ್ಸಲಿಗೆ ಬೇಕಾದಾಗ ಹಾಕಿ ತೆಗೆಯುವ ಲಾಕ್ ಸಿಕ್ಕರೆ ಓರೆ ಚಕ್ರದ ತೊಂದರೆ ಮುಕ್ಕಾಲು ಪಾಲು ಮುಗಿಯಿತು. ಅದಕ್ಕೆ ದುಡ್ಡಿಲ್ಲದವರು ಒಳಗಿನ ಗೇರುಗಳನ್ನೇ ವೆಲ್ಡ್ ಮಾಡಿಸುತ್ತಾರೆ. ತೋಟದಲ್ಲಿ ಮಾತ್ರ ಓಡುವ ಗಾಡಿಗೆ ಹೇಗೋ ನಡೆದೀತು. ರಸ್ತೆಗೆ ತಂದರೆ ಆ 4 ಮೀಟರಿನ ಲೆಕ್ಕ ಪ್ರತಿ ತಿರುವಿನಲ್ಲೂ ಟೈರಿನ ಮೇಲೆ ಬೀಳುತ್ತದೆ, ಇಲ್ಲವೇ ಆಕ್ಸಲ್ ಶಾಫ್ಟ್ ಮುರಿಯುತ್ತದೆ. ಒದ್ದೆ ಘಾಟಿಯಲ್ಲಿ ಹಿಂಬದಿ ಯಾವಾಗ ಜಾರುತ್ತದೋ ಗೊತ್ತಾಗುವುದಿಲ್ಲ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಮಾಡಿ ಹೇಳಿತು. ಇಂಜಿನ್ ಬದಲಿಸುವವರು ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಕೇಳುವುದು ಒಳ್ಳೆಯದು.

ನನ್ನ ಜೀಪಿಗೆ ನಾಲ್ಕೂ ಒಂದೇ ಜಾತಿಯ ಟೈರು ಹಾಕಿಸಿದ್ದೇನೆ. ಬ್ರೀದರ್ ಎತ್ತರಿಸಿದ್ದೇನೆ, ಹಬ್ ಇದೆ. ಆದರೂ ಹೋದ ಪುಷ್ಯ ಮಳೆಯಲ್ಲಿ ಗದ್ದೆಯ ಪಕ್ಕ ಹೂತೆ. ಚಕ್ರ ತಿರುಗುತ್ತಿತ್ತು, ಗಾಡಿ ಒಂದಂಗುಲ ಸರಿಯಲಿಲ್ಲ. ಪಕ್ಕದ ಮನೆಯವರು ಟ್ರ್ಯಾಕ್ಟರ್ ತಂದು ಎಳೆದರು. ಅದರಲ್ಲಿ ಎಳೆಯುವುದು ಹಿಂದಿನ ಎರಡೇ ಚಕ್ರ. ಆದರೆ ಗಾಡಿಯ ಭಾರ ಹೆಚ್ಚುಪಾಲು ಅವುಗಳ ಮೇಲೆಯೇ, ಟೈರಿನ ಹಲ್ಲು ನನ್ನ ಹೆಬ್ಬೆರಳಿಗಿಂತ ದಪ್ಪ, ಒಂದೊಂದು ಹಿಂಬದಿ ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ಲು. "ನಿಮ್ದು ಫೋರ್ ವೀಲ್ ಅಲ್ವಾ?" ಅಂತ ಅವರು ಹಗ್ಗ ಬಿಚ್ಚುತ್ತಾ ಕೇಳಿದರು. ನಾನು ಹಬ್ ಹಾಕಿದ್ದೇನೋ ಇಲ್ಲವೋ ಅಂತ ಬಗ್ಗಿ ನೋಡುತ್ತಿದ್ದೆ.