ಹೊಸ ಕಪ್ಪೆ ಪ್ರಭೇದ ಅಂತ ಹೇಗೆ ಗುರುತಿಸ್ತಾರೆ? ಓದಿದ್ದು, ಅರ್ಥ ಆಗಿದ್ದು

ಟ್ಯಾಕ್ಸಾನಮಿ, ಅಂದ್ರೆ ಜೀವಿಗಳನ್ನ ವಿಂಗಡಿಸಿ ಹೆಸರಿಡೋ ಶಾಸ್ತ್ರ, ಓದೋಕೆ ಶುರು ಮಾಡಿದಾಗ ನನ್ನ ತಲೇಲಿದ್ದಿದ್ದು ಒಂದೇ, ಬಣ್ಣ ಬೇರೆ, ಆಕಾರ ಬೇರೆ, ಹಾಗಾದ್ರೆ ಪ್ರಭೇದ ಬೇರೆ, ಮುಗೀತು. ಕಪ್ಪೆಗಳ ವಿಷಯದಲ್ಲಿ ಇದು ಎರಡೂ ಕಡೆಯಿಂದ ಕೈಕೊಡುತ್ತೆ. ಒಂದೇ ಪ್ರಭೇದದ ಎರಡು ಕಪ್ಪೆ ಸಂಬಂಧನೇ ಇಲ್ಲದ ಹಾಗೆ ಕಾಣ್ಬೋದು, ಬೇರೆ ಬೇರೆ ಪ್ರಭೇದದವು ಅವಳಿ ತರ ಕಾಣ್ಬೋದು. ಉಷ್ಣವಲಯದ ಕಾಡುಗಳಲ್ಲಂತೂ ಇದು ದಿನನಿತ್ಯದ ತಲೆನೋವು.

ಮೊದಲನೇದಕ್ಕೆ ನಂಗೆ ತುಂಬಾ ಇಷ್ಟವಾದ ಉದಾಹರಣೆ ಈಕ್ವೆಡಾರ್‌ನದು. ಅಲ್ಲಿನ ಮೋಡಕಾಡಲ್ಲಿ 2009ರಲ್ಲಿ ರಾತ್ರಿ ಹೊತ್ತು ಮೈತುಂಬಾ ಮುಳ್ಳುಮುಳ್ಳಾಗಿರೋ ಒಂದು ಪುಟ್ಟ ಕಪ್ಪೆ ಸಂಶೋಧಕರಿಗೆ ಸಿಕ್ತು, ಫೋಟೋ ತೆಗೆಯೋಣ ಅಂತ ಅದನ್ನ ಒಂದು ಕಪ್‌ನಲ್ಲಿಟ್ಟು ಮುಚ್ಚಳ ಹಾಕಿದ್ರು, ಮಾರನೇ ದಿನ ತೆಗೆದು ನೋಡಿದ್ರೆ ಮೈ ಪೂರ್ತಿ ನುಣ್ಣಗೆ, ಒಂದು ಮುಳ್ಳೂ ಇಲ್ಲ. ತಪ್ಪು ಕಪ್ಪೆ ಹಿಡ್ಕೊಂಡು ಬಂದ್ವೇನೋ ಅನ್ನಿಸಿತ್ತಂತೆ. ಆಮೇಲೆ ಕಪ್‌ಗೆ ಸ್ವಲ್ಪ ಹಾವಸೆ ಹಾಕಿದ್ರೆ ಮುಳ್ಳು ವಾಪಸ್ ಬಂದಿತ್ತು! ಚರ್ಮದ ಮೇಲ್ಮೈಯನ್ನೇ ಐದಾರು ನಿಮಿಷದಲ್ಲಿ ಬದಲಾಯಿಸೋ ಈ ಕಪ್ಪೆಗೆ 2015ರಲ್ಲಿ ಪ್ರಿಸ್ಟಿಮ್ಯಾಂಟಿಸ್ ಮ್ಯುಟಾಬಿಲಿಸ್ ಅಂತ ಹೆಸರಿಟ್ರು. ಈಗ ಯೋಚನೆ ಮಾಡಿ, ಚರ್ಮ ನುಣುಪೋ ಒರಟೋ ಅನ್ನೋದನ್ನ ಎಷ್ಟೋ ವರ್ಷದಿಂದ ಪ್ರಭೇದ ಗುರುತಿಸೋ ಲಕ್ಷಣ ಅಂತ ಬರ್ಕೊಂಡು ಬಂದಿದ್ದಾರೆ, ಬಾಟಲಿ ಒಳಗಿರೋ ಸತ್ತ ಮಾದರಿ ನೋಡಿ ಬರೆದಿದ್ದು ಎಷ್ಟು ಸಲ ದಾರಿ ತಪ್ಪಿಸಿರ್ಬೋದು.

ಹಾಗಂತ ಅಳತೆ, ಆಕಾರ ಬಿಟ್ಟುಬಿಡ್ತಾರೆ ಅಂತಲ್ಲ, ಕೆಲಸ ಶುರುವಾಗೋದೇ ಅಲ್ಲಿಂದ. ಡಿಜಿಟಲ್ ಕ್ಯಾಲಿಪರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡ್ಕೊಂಡು ಮೂತಿಯಿಂದ ಗುದದವರೆಗಿನ ಉದ್ದ, ತಲೆ ಅಗಲ, ಕಣ್ಣಿನ ವ್ಯಾಸ, ಕಿವಿತಮಟೆ ಎಷ್ಟು ದೊಡ್ಡದು, ಮೊಣಕಾಲಿಂದ ಕೆಳಗಿನ ಉದ್ದ, ಬೆರಳ ತುದಿಯ ಡಿಸ್ಕ್ ಅಗಲ, ಬೆರಳುಗಳ ನಡುವಿನ ಚರ್ಮ ಎಲ್ಲೀವರೆಗೆ ಬಂದಿದೆ, ಹೀಗೆ ಒಂದು ಉದ್ದ ಪಟ್ಟಿನೇ ಇರುತ್ತೆ. ಇಲ್ಲಿ ನೆನಪಿಟ್ಕೊಳ್ಳಿ, ಬರೀ ಮಿಲಿಮೀಟರ್ ಹೋಲಿಸಿದ್ರೆ ದೊಡ್ಡ ಕಪ್ಪೆಗೆ ಎಲ್ಲಾ ದೊಡ್ಡದಾಗೇ ಇರುತ್ತೆ, ಅದಕ್ಕೆ ಮೈ ಉದ್ದದ ಜೊತೆಗಿನ ಅನುಪಾತ ನೋಡ್ತಾರೆ. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಇಟ್ಟು ಹೋಲಿಸ್ತಾರೆ, ಯಾಕಂದ್ರೆ ತುಂಬಾ ಕಪ್ಪೆಗಳಲ್ಲಿ ಹೆಣ್ಣೇ ದೊಡ್ಡದು.

ಆಮೇಲೆ ಕೂಗು. ನನ್ನ ಪ್ರಕಾರ ಇದು ಇಡೀ ವಿಷಯದ ಜೀವ. ಗಂಡು ಕಪ್ಪೆ ಕೂಗೋದು ತನ್ನ ಪ್ರಭೇದದ ಹೆಣ್ಣನ್ನ ಕರೆಯೋಕೆ, ಹೆಣ್ಣು ಅದನ್ನ ಕೇಳಿನೇ ಹತ್ರ ಬರೋದು, ಅಂದ್ರೆ ಯಾರು ಯಾರ ಜೊತೆ ಕೂಡ್ತಾರೆ ಅನ್ನೋದನ್ನ ಕೂಗೇ ತೀರ್ಮಾನ ಮಾಡುತ್ತೆ. ನಮ್ಮ ಕಣ್ಣಿಗೆ ಒಂದೇ ತರ ಕಾಣೋ ಕಪ್ಪೆಗಳನ್ನ ಅವುಗಳೇ ಕಿವಿಯಲ್ಲಿ ಬೇರೆ ಮಾಡ್ಕೊಂಡಿರ್ತವೆ. ರೆಕಾರ್ಡ್ ಮಾಡಿದ ಕೂಗನ್ನ ಕಂಪ್ಯೂಟರ್‌ನಲ್ಲಿ ಗ್ರಾಫ್ ಮಾಡಿ ನೋಡ್ತಾರೆ: ಒಂದು ಕೂಗು ಎಷ್ಟು ಹೊತ್ತು, ಅದರೊಳಗೆ ಎಷ್ಟು ಪಲ್ಸ್ (ಸದ್ದಿನ ಚಿಕ್ಕ ಚಿಕ್ಕ ಮಿಡಿತ), ಅತಿ ಹೆಚ್ಚು ಶಕ್ತಿ ಯಾವ ಫ್ರೀಕ್ವೆನ್ಸಿಯಲ್ಲಿ. ರೆಕಾರ್ಡ್ ಮಾಡುವಾಗ ತಾಪಮಾನ ಬರ್ಕೊಳ್ಳದೇ ಇದ್ರೆ ಹೆಚ್ಚುಕಮ್ಮಿ ಅರ್ಧ ಕೆಲಸ ವ್ಯರ್ಥ, ಚಳಿ ಇದ್ದಾಗ ಪಲ್ಸ್ ನಿಧಾನ ಆಗುತ್ತೆ, ಸೆಕೆ ಇದ್ದಾಗ ಬೇಗ ಬೇಗ, ಅದನ್ನ ಪ್ರಭೇದದ ವ್ಯತ್ಯಾಸ ಅಂದ್ಕೊಂಡುಬಿಟ್ರೆ ಮುಗೀತು. ಫ್ರೀಕ್ವೆನ್ಸಿ ಮೈಗಾತ್ರದ ಮೇಲೂ ಹೋಗುತ್ತೆ, ಸಣ್ಣ ಮೈಗೆ ಕೀಚು ದನಿ.

ಪಪುವಾ ನ್ಯೂಗಿನಿಯ ಪೀಡೋಫ್ರೈನ್ ಅಮಾವೆನ್ಸಿಸ್ ಸಿಕ್ಕಿದ್ದೇ ದನಿಯಿಂದ. ಹುಳದ ಸದ್ದಿನ ತರ ಕಿಚ್ ಕಿಚ್ ಬರ್ತಿತ್ತು, ಎಲ್ಲಿಂದ ಅಂತ ಗೊತ್ತಾಗ್ತಿರ್ಲಿಲ್ಲ, ಕೊನೆಗೆ ಸದ್ದು ಬಂದ ಜಾಗದ ತರಗೆಲೆಯನ್ನ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಒಂದೊಂದೇ ಎಲೆ ತೆಗೆದು ನೋಡ್ತಾ ಹೋದಾಗ ಒಂದು ಎಲೆಯಿಂದ ಕಪ್ಪೆ ಚಂಗನೆ ಹಾರ್ತು. ಸರಾಸರಿ ಉದ್ದ 7.7 ಮಿಲಿಮೀಟರ್. 2012ರಲ್ಲಿ ಹೆಸರಿಟ್ಟಾಗ ಬೆನ್ನೆಲುಬಿರೋ ಪ್ರಾಣಿಗಳಲ್ಲೇ ಅತಿ ಚಿಕ್ಕದು ಅಂದ್ರು. ಆ ಸದ್ದನ್ನ ಹುಳ ಅಂತ ಬಿಟ್ಟಿದ್ರೆ ಅದು ಇವತ್ತಿಗೂ ನಮ್ಮ ಲೆಕ್ಕಕ್ಕೆ ಸಿಗ್ತಿರ್ಲಿಲ್ಲ.

ಇನ್ನು ಡಿಎನ್ಎ. ಕಪ್ಪೆಗಳಲ್ಲಿ ಹೆಚ್ಚಾಗಿ ಬಳಸೋದು ಮೈಟೋಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಕೊಡೋ, ತನ್ನದೇ ಡಿಎನ್ಎ ಇರೋ ಭಾಗ) 16ಎಸ್ ಅನ್ನೋ ಜೀನ್ ತುಣುಕು. ದಕ್ಷಿಣ ಅಮೆರಿಕದ ಕಪ್ಪೆಗಳ ಮೇಲಿನ 2007ರ ಒಂದು ಅಧ್ಯಯನದಲ್ಲಿ ಸುಮಾರು 3% ವ್ಯತ್ಯಾಸ ಇದ್ರೆ ಬೇರೆ ಪ್ರಭೇದ ಇರ್ಬೋದು ಅಂತ ಸೂಚಿಸಿದ್ರು. ಪರೀಕ್ಷೆಗೆ ಓದೋರು ಇಲ್ಲೇ ಎಡವೋದು: 3% ದಾಟಿದ್ರೆ ಹೊಸ ಪ್ರಭೇದ ಅಂತ ಬರೀಬೇಡಿ. ಅದು ಇಲ್ಲಿ ಇನ್ನೊಮ್ಮೆ ನೋಡಿ ಅನ್ನೋ ಗುರುತು ಅಷ್ಟೇ. ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಬರೋದು, ಹಿಂದೆ ಎಂದೋ ಎರಡು ಪ್ರಭೇದ ಬೆರೆತಿದ್ರೆ ಒಂದರ ಮೈಟೋಕಾಂಡ್ರಿಯಾ ಇನ್ನೊಂದರಲ್ಲಿ ಉಳ್ಕೊಂಡಿರ್ಬೋದು. ಅದಕ್ಕೆ ನ್ಯೂಕ್ಲಿಯರ್ ಜೀನ್‌ಗಳನ್ನೂ, ಅಂದ್ರೆ ಜೀವಕೋಶದ ಕೇಂದ್ರದಲ್ಲಿರೋ, ತಂದೆ ತಾಯಿ ಇಬ್ಬರಿಂದಲೂ ಬರೋ ಜೀನ್‌ಗಳನ್ನೂ, ನೋಡ್ತಾರೆ. ಒಂದೇ ಹಳ್ಳದ ಪಕ್ಕ ಎರಡು ಗುಂಪು ಕೂಗ್ತಾ ಇವೆ, ಆದ್ರೂ ಅವುಗಳ ನ್ಯೂಕ್ಲಿಯರ್ ಜೀನ್ ಬೆರೆತಿಲ್ಲ ಅಂದ್ರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿಲ್ಲ. ಬೇರೆ ಬೇರೆ ಬೆಟ್ಟದಲ್ಲಿದ್ರೆ ಕಷ್ಟ, ಸೇರಿದ್ರೆ ಕೂಡ್ತಿದ್ವೋ ಇಲ್ವೋ ಅಂತ ನೋಡೋ ಅವಕಾಶನೇ ಇಲ್ಲ.

ನಡವಳಿಕೆನೂ ಸಾಕ್ಷಿನೇ. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ವಿವರಿಸಿದ ನಿಕ್ಟಿಬ್ಯಾಟ್ರಾಕಸ್ ಕುಂಬಾರದಲ್ಲಿ ಗಂಡು ಕಪ್ಪೆ ಮುಂಗೈಯಲ್ಲಿ ಕೆಸರು ಎತ್ಕೊಂಡು ಬಂದು ಮೊಟ್ಟೆ ಮೇಲೆ ಮೆತ್ತುತ್ತೆ, ಹೆಸರು ಯಾಕೆ ಬಂತು ಅಂತ ಕನ್ನಡದೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಇಷ್ಟೆಲ್ಲಾ ಆದ್ಮೇಲೂ ಹೆಸರಿಡೋಕೆ ಆಗಲ್ಲ, ಯಾಕಂದ್ರೆ ಹೊಸದು ಅಂತ ನಾವಂದಿದ್ದಕ್ಕೆ ನೂರೈವತ್ತು ವರ್ಷದ ಹಿಂದೆನೇ ಯಾರೋ ಹೆಸರಿಟ್ಟಿರ್ಬೋದು. ಪ್ರತಿ ಹೆಸರೂ ಒಂದು ಟೈಪ್ ಮಾದರಿಗೆ, ಅಂದ್ರೆ ಆ ಹೆಸರಿಗೆ ಆಧಾರವಾಗಿ ಎತ್ತಿಟ್ಟ ಮಾದರಿಗೆ, ಅಂಟ್ಕೊಂಡಿರುತ್ತೆ. ಹಳೇ ವಿವರಣೆ ಮೂರು ಸಾಲು, ಮಾದರಿ ಯಾವುದೋ ದೇಶದ ಮ್ಯೂಸಿಯಂನಲ್ಲಿ ಆಲ್ಕೋಹಾಲ್ ಒಳಗೆ ಬಣ್ಣ ಪೂರ್ತಿ ಹೋಗಿ ಕಂದಾಗಿರುತ್ತೆ, ಸಿಕ್ಕಿದ ಜಾಗ ಅಂತ ಬರೀ ದೇಶದ ಹೆಸರು. ಒಂದು ಹಳೇ ಪ್ರಭೇದವನ್ನ ಐದಾಗಿ ಒಡೆದ್ರೆ ಹಳೇ ಹೆಸರು ಯಾವ ತುಂಡಿಗೆ ಸೇರ್ಬೇಕು ಅನ್ನೋದನ್ನ ಆ ಕಂದು ಮಾದರಿನೇ ಹೇಳ್ಬೇಕು. ಈಗ ಅಂಥ ಹಳೇ ಮಾದರಿಯಿಂದಲೂ ಚೂರುಪಾರು ಡಿಎನ್ಎ ತೆಗೆಯೋಕೆ ಆಗ್ತಿದೆ, ಎಷ್ಟೋ ಹಳೇ ಗೊಂದಲ ಬಗೆಹರೀತಿರೋದು ಇದರಿಂದ. ಕಾಡಲ್ಲಿ ಮಾದರಿ ತೆಗೆಯುವಾಗ ಫಾರ್ಮಾಲಿನ್‌ಗೆ (ಕೊಳೆಯದಂತೆ ಕಾಪಾಡೋ ದ್ರಾವಣ) ಹಾಕೋ ಮುಂಚೆನೇ ಸಣ್ಣ ಅಂಗಾಂಶದ ಚೂರನ್ನ ಬೇರೆ ಆಲ್ಕೋಹಾಲ್‌ನಲ್ಲಿ ಎತ್ತಿಡೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ಫಾರ್ಮಾಲಿನ್ ಡಿಎನ್ಎಯನ್ನ ಹಾಳು ಮಾಡುತ್ತೆ.

ಇದೆಲ್ಲಾ ಒಟ್ಟಿಗೆ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಮಡಗಾಸ್ಕರ್ ಬೆಸ್ಟ್. 2009ರ ಒಂದು ಅಧ್ಯಯನ ಅಲ್ಲಿ ಇನ್ನೂ ಹೆಸರಿಲ್ಲದ 129ರಿಂದ 221 ಕಪ್ಪೆ ಪ್ರಭೇದ ಇರ್ಬೋದು ಅಂತು. ಅವನ್ನ ಮೂರು ಗುಂಪು ಮಾಡಿದ್ರು. ಡಿಎನ್ಎ ಬೇರೆ, ಜೊತೆಗೆ ಕೂಗು ಅಥವಾ ಆಕಾರನೂ ಬೇರೆ ಅಂದ್ರೆ ಅದು ದೃಢಪಟ್ಟ ಅಭ್ಯರ್ಥಿ ಪ್ರಭೇದ (ಹೆಸರಿಗೆ ಕಾಯ್ತಿರೋದು). ಬರೀ ಡಿಎನ್ಎ ಬೇರೆ, ಉಳಿದ ಮಾಹಿತಿ ಇಲ್ಲ ಅಂದ್ರೆ ದೃಢಪಡದ್ದು. ಡಿಎನ್ಎ ಬೇರೆ ಆದ್ರೂ ಉಳಿದದ್ದೆಲ್ಲಾ ನೋಡಿದ್ಮೇಲೂ ಒಂದೇ ಅಂದ್ರೆ ಒಂದೇ ಪ್ರಭೇದದೊಳಗಿನ ಆಳವಾದ ಕವಲು. 2024ರಲ್ಲಿ ಅಲ್ಲಿನ ಬೂಫಿಸ್ ಕುಲದ ಏಳು ಕಪ್ಪೆಗಳಿಗೆ ಸ್ಟಾರ್ ಟ್ರೆಕ್ ಅನ್ನೋ ಬಾಹ್ಯಾಕಾಶದ ಟಿವಿ ಸರಣಿಯ ಕ್ಯಾಪ್ಟನ್‌ಗಳ ಹೆಸರಿಟ್ರಲ್ಲ, ಅವೂ ಒಂದೇ ಹೆಸರಿನಡಿ ಸೇರಿಹೋಗಿದ್ದವು, ಬೇರೆ ಮಾಡಿದ್ದು ಡಿಎನ್ಎ ಮತ್ತು ಶಿಳ್ಳೆ ಹೊಡೆದಂಗಿರೋ ಅವುಗಳ ಕೂಗು ಸೇರಿ. ದೃಢಪಡದ ಪಟ್ಟಿಯಲ್ಲಿರೋ ಎಷ್ಟೋ ಕಪ್ಪೆಗಳಿಗೆ ಕೊರತೆ ಇರೋದು ಲ್ಯಾಬ್‌ನದಲ್ಲ, ಮಳೆ ಸುರಿಯೋ ರಾತ್ರಿ ಆ ಹಳ್ಳಕ್ಕೆ ಹೋಗಿ ಮೈಕ್ ಹಿಡಿದು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಕೊಂಡು ಕಾದು ಕೂತ್ಕೊಳ್ಳೋರದ್ದು.