ಕೊಳೆಗೆ ಒಂದು ಗೋಡೆ, ಎಲೆಚುಕ್ಕಿಗೆ ಇನ್ನೊಂದು

ಆರಿದ್ರಾ ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಒಂದೇ ಮಾತು. ಕೊಳೆ ಬಂತಾ? ಎರಡನೇ ಸಲದ ಮದ್ದು ಆಯ್ತಾ? ಕೆಲವು ವರ್ಷಗಳಿಂದ ಈ ಚಿಂತೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಅಂಗಡಿಗೆ ಹೋದರೆ ಎರಡಕ್ಕೂ ‘ಶಿಲೀಂಧ್ರನಾಶಕ’ ಎಂದೇ ಬರೆದ ಡಬ್ಬಿಗಳು. ಎರಡೂ ಶಿಲೀಂಧ್ರವೇ ಅಲ್ವಾ, ಒಂದಕ್ಕೆ ತಂದಿದ್ದನ್ನೇ ಇನ್ನೊಂದಕ್ಕೂ ಹೊಡೆದರಾಯ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಡಿಕೆ ಕಾಯಿಗೆ ಕೊಳೆರೋಗ ತರುವ ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಇದು ಗೊತ್ತಾಗಿದ್ದರಲ್ಲಿ ಅದರ ಜೀವಕೋಶದ ಗೋಡೆಯ ಪಾಲು ದೊಡ್ಡದು.

ಗೋಡೆಯ ಕಥೆ ಶುರುವಾಗುವುದು ಅಣಬೆಯಿಂದ. 1811ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಅಣಬೆಗಳನ್ನು ಕ್ಷಾರದಲ್ಲಿ ಬಿಸಿ ಮಾಡಿ ನೋಡಿದರು. ಕೊನೆಗೆ ಕರಗದೆ ಉಳಿದ ವಸ್ತುವಿಗೆ ಫಂಜಿನ್ ಎಂದು ಹೆಸರಿಟ್ಟರು. 1823ರಲ್ಲಿ ಆಗಸ್ಟ್ ಓಡಿಯೇ ಎಂಬ ಇನ್ನೊಬ್ಬರಿಗೆ ದುಂಬಿಯ ಗಟ್ಟಿ ರೆಕ್ಕೆಯಲ್ಲಿ ಅಂಥದ್ದೇ ವಸ್ತು ಸಿಕ್ಕಿತು. ಅವರು ಕೊಟ್ಟ ಹೆಸರೇ ಉಳಿಯಿತು: ಕೈಟಿನ್. ಸಿಗಡಿ ಸಿಪ್ಪೆಯಲ್ಲಿರುವುದೂ ಅದೇ.

ಬೂಷ್ಟೂ ಶಿಲೀಂಧ್ರವೇ. ಅದರ ಎಳೆಗೆ ಈ ಗೋಡೆ ಯಾಕೆ ಬೇಕು? ಎಳೆಯೊಳಗೆ ಉಪ್ಪು, ಸಕ್ಕರೆ ಎಲ್ಲ ದಟ್ಟವಾಗಿರುತ್ತದೆ. ಹಾಗಾಗಿ ಹೊರಗಿನ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಒತ್ತಡ ಏರುತ್ತದೆ. ಒಳಗಿನ ತೆಳು ಪೊರೆ ಸೈಕಲ್ಲಿನ ಟ್ಯೂಬಾದರೆ, ಗೋಡೆ ಅದರ ಮೇಲಿನ ಟೈರು. ಗೋಡೆ ಇಲ್ಲದಿದ್ದರೆ ಪೊರೆ ಒಡೆದೇ ಹೋಗುತ್ತದೆ.

ಈಗ ಎಳೆಯ ತುದಿಯನ್ನು ನೋಡಬೇಕು. ಎಳೆ ಉದ್ದಕ್ಕೆ ಬೆಳೆಯುವುದು ತುದಿಯಲ್ಲಿ ಮಾತ್ರ. ತುದಿಯ ಹಿಂದೆ ಸಣ್ಣ ಸಣ್ಣ ಚೀಲಗಳು ಗುಂಪುಗೂಡಿರುತ್ತವೆ. ಅವು ಒಂದೊಂದಾಗಿ ಪೊರೆಗೆ ಸೇರಿ, ಗೋಡೆ ಕಟ್ಟುವ ಕಿಣ್ವಗಳನ್ನು ಅಲ್ಲಿ ಇಳಿಸುತ್ತವೆ. ಪೊರೆಯಲ್ಲಿ ಕೂತ ಕಿಣ್ವ ಒಳಗಿನಿಂದ ಸಕ್ಕರೆಯ ತುಣುಕು ತೆಗೆದುಕೊಂಡು, ಸರ ಪೋಣಿಸುತ್ತಾ ಪೋಣಿಸುತ್ತಲೇ ಹೊರಗೆ ತಳ್ಳುತ್ತದೆ. ಒಂದು ಬಗೆಯ ಕಿಣ್ವ ಕೈಟಿನ್ ಮಾಡುತ್ತದೆ, ಇನ್ನೊಂದು ಗ್ಲುಕನ್ ಎಂಬ ಬೇರೆ ಸಕ್ಕರೆ ಸರ ಮಾಡುತ್ತದೆ. ಹೊರಬಂದ ಕೈಟಿನ್ ಸರಗಳು ಒಂದಕ್ಕೊಂದು ಅಂಟಿ ಗಟ್ಟಿ ನಾರಾಗುತ್ತವೆ. ಗ್ಲುಕನ್ ಕವಲೊಡೆದು ಆ ನಾರಿಗೆ ಬೆಸೆದುಕೊಳ್ಳುತ್ತದೆ. ಹೊರಮೈಗೆ ಪ್ರೋಟೀನಿನ ಪದರ ಬೀಳುತ್ತದೆ. ತುದಿಯಲ್ಲಿ ಗೋಡೆ ಇನ್ನೂ ಮೆತ್ತಗಿರುತ್ತದೆ, ಅದಕ್ಕೇ ಅಲ್ಲಿ ಹಿಗ್ಗಲು ಸಾಧ್ಯ. ಸ್ವಲ್ಪ ಹಿಂದಕ್ಕೆ ಬಂದರೆ ಬೆಸುಗೆ ಮುಗಿದು ಬಿಗಿಯಾಗಿರುತ್ತದೆ.

ಕಟ್ಟಿದ ಮೇಲೆ ಸುಮ್ನೆ ಬಿಡುವ ಹಾಗಿಲ್ಲ. ಕವಲು ಹೊಡೆಯಬೇಕೆಂದರೆ ತಾನೇ ಕಟ್ಟಿದ್ದನ್ನು ಅಲ್ಲಲ್ಲಿ ಸಡಿಲಿಸಬೇಕು, ಅದಕ್ಕೆ ಬೇರೆ ಕಿಣ್ವಗಳಿವೆ. ಪೊರೆಯಲ್ಲಿ ನಾಟಿಕೊಂಡ ಕೆಲವು ಪ್ರೋಟೀನುಗಳು ಗೋಡೆಯನ್ನು ಸದಾ ಮುಟ್ಟಿ ನೋಡುತ್ತಿರುತ್ತವೆ. ಎಲ್ಲೋ ಎಳೆತ ಹೆಚ್ಚಾದರೆ ಒಳಗೆ ಸುದ್ದಿ ಹೋಗುತ್ತದೆ, ರಿಪೇರಿಗೆ ಬೇಕಾದ ಜೀನುಗಳು ಚಾಲೂ ಆಗುತ್ತವೆ. ಇದನ್ನೆಲ್ಲ ಜಾಸ್ತಿ ಕಲಿತಿದ್ದು ಯೀಸ್ಟಿನಿಂದ. ಗ್ಲುಕನ್ ಕಟ್ಟುವುದನ್ನು ತಡೆಯುವ ಕ್ಯಾಸ್ಪೊಫಂಜಿನ್ ಎಂಬ ಔಷಧ 2001ರಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಬಂತು. ಅದು ತಾಗಿದಾಗ ಕೆಲವು ಶಿಲೀಂಧ್ರಗಳು ಗ್ಲುಕನ್ ಕೊರತೆಯನ್ನು ಕೈಟಿನ್ನಿನಿಂದ ತುಂಬಿಕೊಂಡು ಬದುಕಲು ನೋಡುತ್ತವೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಅಚ್ಚರಿ ಎನ್ನಿಸಿದ್ದು ಇದೇ.

ಇನ್ನು ನಮ್ಮ ಕೊಳೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಮಲೆನಾಡಿನ ಕೊಳೆರೋಗದ ಬಗ್ಗೆ ವರದಿ ಬರೆದರು. ರೋಗಕ್ಕೆ ಕಾರಣ ಫೈಟೋಫ್ತೊರಾ ಎಂದು ತೋರಿಸಿ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ಹೇಳಿದರು. ಅದಕ್ಕೂ ಮೊದಲು ಇದ್ದ ದಾರಿ ಎಂದರೆ ಮರ ಹತ್ತಿ ಅಡಿಕೆಯ ಕೊನೆಗೆ (ಗೊನೆಗೆ) ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟುವುದು. ಶಿರಸಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಆದರೆ ಮಳೆಗೂ ಕೊಳೆಗೂ ಗಡಿ ಇರಲಿಲ್ಲ.

ಆ ಕಾಲಕ್ಕೆ ಫೈಟೋಫ್ತೊರಾವನ್ನು ಶಿಲೀಂಧ್ರ ಎಂದೇ ಎಣಿಸುತ್ತಿದ್ದರು. ನೋಡಲು ಹಾಗೇ ಇದೆ, ಕೊಳೆತ ಕಾಯಿಯ ಮೇಲೆ ಬಿಳಿ ಬೂಷ್ಟಿನಂತೆ ಕಾಣುತ್ತದೆ. 1968ರಲ್ಲಿ ಬಾರ್ಟ್ನಿಕಿ-ಗಾರ್ಸಿಯಾ ಎಂಬ ವಿಜ್ಞಾನಿ ಶಿಲೀಂಧ್ರಗಳನ್ನು ಗೋಡೆಯ ರಸಾಯನದ ಮೇಲೆ ಗುಂಪು ಮಾಡಿದಾಗ ಇವುಗಳ ಬೇರೆತನ ಎದ್ದು ಕಂಡಿತು. ಗೋಡೆಯಲ್ಲಿ ಗ್ಲುಕನ್ ಇದೆ, ಆದರೆ ಕೈಟಿನ್ನಿನ ಜಾಗದಲ್ಲಿ ಗಿಡಮರಗಳಲ್ಲಿರುವ ಸೆಲ್ಯುಲೋಸ್. ಮುಂದೆ ಜೀನುಗಳೂ ಅದನ್ನೇ ಹೇಳಿದವು. ಕಾರವಾರದ ಕಡಲ ಬಂಡೆಗಳ ಮೇಲೆ ಕಾಣುವ ಸರ್ಗಾಸಮ್‌ನಂಥ ಕಂದು ಪಾಚಿಗೆ ಫೈಟೋಫ್ತೊರಾ ಹತ್ತಿರದ ನೆಂಟ, ಅಣಬೆಗೆ ಬಲು ದೂರ.

ಹಾಗಾದರೆ ಬೋರ್ಡೋ ಹೇಗೆ ಕೆಲಸ ಮಾಡಿತು? ಮಳೆನೀರಿನಲ್ಲಿ ಫೈಟೋಫ್ತೊರಾದ ಬೀಜಚೀಲ ಒಡೆದು, ಎರಡು ಬಾಲದ ಈಜುಕಣಗಳು ಹೊರಬರುತ್ತವೆ. ಆಗ ಅವುಗಳಿಗೆ ಗೋಡೆಯೇ ಇರುವುದಿಲ್ಲ, ಬರೀ ಪೊರೆ. ಹಸಿ ಅಡಿಕೆಯ ಮೇಲಿನ ತೆಳು ನೀರಿನಲ್ಲಿ ಈಜಿ, ಒಂದು ಕಡೆ ಅಂಟಿ, ಬಾಲ ಕಳಚಿ, ಕೆಲವೇ ನಿಮಿಷಗಳಲ್ಲಿ ಗೋಡೆ ಕಟ್ಟಿಕೊಳ್ಳುತ್ತವೆ. ಆಮೇಲೆ ಮೊಳಕೆ ಒಡೆದು ಕಾಯಿಯೊಳಗೆ ಇಳಿಯುತ್ತವೆ. ಕಾಯಿಯ ಮೇಲೆ ಒಣಗಿ ಕೂತ ಬೋರ್ಡೋ ಪದರದಿಂದ ಮಳೆನೀರಿಗೆ ಚೂರುಚೂರೇ ತಾಮ್ರ ಬಿಡುತ್ತಿರುತ್ತದೆ, ಈ ಬರಿಮೈ ಕಣಗಳು ಅದಕ್ಕೆ ಸಿಕ್ಕಿ ಸಾಯುತ್ತವೆ. ಒಳಗಿಳಿದ ಮೇಲೆ ಹೊಡೆದರೆ ಆ ಕಾಯಿ ಉಳಿಯುವುದಿಲ್ಲ.

ಎಲೆಚುಕ್ಕಿಯ ಕೊಲೆಟೋಟ್ರೈಕಮ್ ಮಾತ್ರ ನಿಜವಾದ ಶಿಲೀಂಧ್ರ, ಕೈಟಿನ್ ಗೋಡೆಯದ್ದು. ಅದಕ್ಕೆ ಹೊಡೆಯುವ ಪ್ರೊಪಿಕೊನಝೋಲ್, ಟೆಬುಕೊನಝೋಲ್ ಮುಟ್ಟುವುದು ಗೋಡೆಯ ಹಿಂದಿನ ಪೊರೆಯನ್ನು. ಆ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ಫೈಟೋಫ್ತೊರಾ ಎರ್ಗೊಸ್ಟೆರಾಲ್ ತಯಾರಿಸುವುದೇ ಇಲ್ಲ. ಅಂದಮೇಲೆ ಈ ಮದ್ದನ್ನು ಕೊಳೆಗೆ ಹೊಡೆದರೆ ದುಡ್ಡೂ ಹೋಯ್ತು, ಮರ ಹತ್ತುವ ಕೊನೆಗಾರ ಸಿಕ್ಕಿದ್ದ ಒಂದು ದಿನವೂ ಹೋಯ್ತು. ಕೊಳೆಗೆ ಬೇಕಾದದ್ದು ಶೇ 1ರ ಬೋರ್ಡೋ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು, ಮಳೆ ನಿಂತು ಹೊಳವಾದಾಗ ಇನ್ನೊಮ್ಮೆ, ಕೊನೆಯ ಒಳಗಿನ ಕಾಯಿಗೂ ತಾಗುವಂತೆ.