ನಾವು ಸಸ್ಯಾಹಾರಿಗಳು, ಆದ್ರೂ ಕರಡಿ ಬರುತ್ತಾ?

ಪ್ರಶ್ನೆ: ಜುಲೈನಲ್ಲಿ ಕ್ಯಾಲ್ಗರಿಯಿಂದ ಕೆನಡಾದ ವಾಯವ್ಯ ಮೂಲೆಯ ಯೂಕಾನ್‌ಗೆ ಹೋಗಿ, ಡೆಂಪ್‌ಸ್ಟರ್ ಹೈವೇಯ ರಾಕ್ ರಿವರ್ ಕ್ಯಾಂಪಿನಲ್ಲಿ ಎರಡು ರಾತ್ರಿ ಟೆಂಟ್ ಹಾಕುವ ಯೋಚನೆ ಇದೆ. ಅಲ್ಲಿ ಗ್ರಿಜ್ಲಿ ಕರಡಿಗಳಿವೆಯಂತೆ. ನಾವು ಮಾಂಸ, ಮೊಟ್ಟೆ ಏನೂ ಒಯ್ಯಲ್ಲ. ಚಿತ್ರಾನ್ನ, ಅವಲಕ್ಕಿ, ಚಟ್ನಿಪುಡಿ ಅಷ್ಟೇ. ಆದ್ರೂ ಹೆದರಬೇಕಾ?

ಉತ್ತರ: ಹೆದರಬೇಡಿ, ಆದರೆ ಚಿತ್ರಾನ್ನ ಅಂತ ಸಡಿಲ ಬಿಡಬೇಡಿ. ಗ್ರಿಜ್ಲಿಯೂ ಮುಕ್ಕಾಲು ಸಸ್ಯಾಹಾರಿಯೇ! ಆ ಕಡೆಯ ಕರಡಿಗಳು ಬೇರು ಅಗೆದು, ಹುಲ್ಲು ಮೇಯ್ದು, ಬೆರಿ ಹಣ್ಣು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ನಡುವೆ ನೆಲದ ಅಳಿಲು ಸಿಕ್ಕರೆ ಬಿಡಲ್ಲ ಅನ್ನಿ. ಅರ್ಧ ವರ್ಷ ಬಿಲದಲ್ಲಿ ಮಲಗಿಯೇ ಕಳೆಯುವ ಪ್ರಾಣಿ ಅದು. ಬೇಸಿಗೆ ಮುಗಿಯುವುದರೊಳಗೆ ಮೈಗೆ ಕೊಬ್ಬು ಹತ್ತಿಸಿಕೊಳ್ಳಬೇಕು. ಗಂಟೆಗಟ್ಟಲೆ ಬೇರು ಅಗೆಯುವುದಕ್ಕಿಂತ ನಿಮ್ಮ ತುಪ್ಪದ ಡಬ್ಬಿ ಎಷ್ಟೋ ಲಾಭ ಅಲ್ವಾ? ನಮ್ಮ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಸಿಹಿ ಸವರಿದರೆ ಕರಡಿಗಳು ಇಳಿದು ಬರುತ್ತವಲ್ಲ, ಇಲ್ಲೂ ಅದೇ ಕಥೆ. ಮೂಗಿಗೆ ಬಿದ್ದರೆ ಸಾಕು.

ನಮ್ಮ ಅಡುಗೆಯ ತೊಂದರೆ ಒಗ್ಗರಣೆ. ಇಂಗು, ಕರಿಬೇವು, ಶೇಂಗಾ ಚಟಪಟ ಅಂದ ಮೇಲೆ ವಾಸನೆ ತಲೆಕೂದಲಿಗೂ ಸ್ವೆಟರಿಗೂ ಅಂಟುತ್ತದೆ. ಅದನ್ನೇ ತೊಟ್ಟು ಟೆಂಟಿಗೆ ಹೋಗಬೇಡಿ. ಮಲಗುವ ಬಟ್ಟೆ ಬೇರೆ ಇರಲಿ, ಅಡುಗೆಯ ಬಟ್ಟೆ ಕಾರಿನಲ್ಲಿರಲಿ. ಅಡುಗೆ ಟೆಂಟಿನಿಂದ ಆದಷ್ಟು ದೂರ. ಪಾತ್ರೆ ತೊಳೆದ ನೀರನ್ನು ನದಿಗೂ ಪೊದೆಗೂ ಚೆಲ್ಲಬೇಡಿ. ಒಗ್ಗರಣೆಯನ್ನು ಊರಿನಲ್ಲೇ ಹಾಕಿ ಗೊಜ್ಜು ಮಾಡಿ ಡಬ್ಬಿಗೆ ತುಂಬಿಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭ. ಅಲ್ಲಿ ಅನ್ನ ಬೇಯಿಸಿ ಕಲಸಿದರಾಯ್ತು.

ತಿಂಡಿಯಷ್ಟೇ ಅಲ್ಲ. ನಾನು ಮೊದಲ ಸಲ ಹೋದಾಗ ಊಟದ ಸಾಮಾನೆಲ್ಲ ಕಾರಿನಲ್ಲಿಟ್ಟು, ಬೀಗ ಹಾಕಿ, ಬಹಳ ಜಾಣನಂತೆ ಬಂದು ಮಲಗಿದೆ. ರಾತ್ರಿ ಹನ್ನೊಂದೂವರೆ, ಹೊರಗೆ ಇನ್ನೂ ಹಗಲಿನಂಥ ಬೆಳಕು. ದಿಂಬಿಗೆ ಅಂತ ಮಡಚಿಟ್ಟ ಜಾಕೆಟ್ಟು ಕಿವಿಗೆ ಚುಚ್ಚುತ್ತಿತ್ತು. ಜೇಬಿಗೆ ಕೈ ಹಾಕಿದರೆ ಅರ್ಧ ಕಚ್ಚಿದ ಶೇಂಗಾ ಚಿಕ್ಕಿ, ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ. ಎದ್ದು ಹೋಗಿ ಕಾರಿನಲ್ಲಿಟ್ಟು ಬರುವಷ್ಟರಲ್ಲಿ ಸೊಳ್ಳೆಗಳು ಮುಖವನ್ನೇ ಊದಿಸಿದ್ದವು. ಟೂತ್‌ಪೇಸ್ಟ್, ಸೋಪು, ವಿಕ್ಸ್, ಕಸದ ಚೀಲ ಎಲ್ಲವೂ ಇದೇ ಲೆಕ್ಕಕ್ಕೆ. ಹಾಂ, ಸೊಳ್ಳೆ ಬಲೆಯ ಟೋಪಿ ಮರೆಯಬೇಡಿ. ಅಲ್ಲಿ ಕರಡಿ ಕಾಣದೆ ಬಂದವರು ಬೇಕಾದಷ್ಟು ಜನ ಇದ್ದಾರೆ, ಸೊಳ್ಳೆ ಕಾಣದೆ ಬಂದವರು ಯಾರೂ ಇಲ್ಲ.

ಜಾಗ ಎಷ್ಟು ದೂರದ್ದು ಅಂತಲೂ ಗೊತ್ತಿರಲಿ. ರಸ್ತೆಯ 405ನೇ ಕಿಲೋಮೀಟರಿನಲ್ಲಿ ಆರ್ಕ್ಟಿಕ್ ವೃತ್ತ ದಾಟುತ್ತೀರಿ, ಕ್ಯಾಂಪು ಇನ್ನೂ 40 ಕಿ.ಮೀ. ಮುಂದೆ. ಹಿಂದೆ ಪೆಟ್ರೋಲ್ ಸಿಗುವುದು 369ನೇ ಕಿಲೋಮೀಟರಿನ ಈಗಲ್ ಪ್ಲೇನ್ಸ್‌ನಲ್ಲಿ. ಕ್ಯಾಂಪಿನಲ್ಲಿ ಫೋನ್ ಸಿಗ್ನಲ್ ಇಲ್ಲ. ಏನಾದರೂ ಆದರೆ ಸಹಾಯ ಬರುವುದು ಜಲ್ಲಿ ರಸ್ತೆಯಲ್ಲಿ, ನಿಧಾನಕ್ಕೆ.

ನದಿ ಪಕ್ಕದ ಇನ್ನೊಂದು ಸಮಸ್ಯೆ ನೀರಿನ ಸದ್ದು. ನೀವು ಬರುವುದು ಕರಡಿಗೆ ಕೇಳಿಸಲ್ಲ, ಅದು ಬರುವುದು ನಿಮಗೂ ಕೇಳಿಸಲ್ಲ. ಆದ್ದರಿಂದ ನೀರು ತರಲು ಹೋಗುವಾಗ ಜೋರಾಗಿ ಮಾತಾಡಿ, ಚಪ್ಪಾಳೆ ತಟ್ಟಿ. ಎದುರಾದರೆ ಓಡಬೇಡಿ, ಮೆಲ್ಲಗೆ ಮಾತಾಡುತ್ತಾ ಹಿಂದಕ್ಕೆ ಸರಿಯಿರಿ.

ಇನ್ನು ಬೇರ್ ಸ್ಪ್ರೇ, ಅಂದರೆ ಕರಡಿ ಓಡಿಸುವ ಸ್ಪ್ರೇ ಡಬ್ಬಿ. ಒಳಗಿರುವುದು ನಮ್ಮ ಮೆಣಸಿನಕಾಯಿಯ ಖಾರವೇ. ಹಾಗಂತ ಸೊಳ್ಳೆ ಔಷಧಿಯಂತೆ ಟೆಂಟಿನ ಸುತ್ತ ಹೊಡೆಯಬೇಡಿ. ಒಣಗಿದ ಮೇಲೆ ಆ ವಾಸನೆಗೇ ಕರಡಿ ಮೂಸಲು ಬರಬಹುದು. ಅದು ಮೈಮೇಲೆ ಬರುವ ಕರಡಿಯ ಮುಖಕ್ಕೆ ಮಾತ್ರ. ವಿಮಾನದಲ್ಲಿ ಒಯ್ಯಲು ಬಿಡಲ್ಲ, ಚೆಕ್ಡ್ ಬ್ಯಾಗಿನಲ್ಲೂ ಬಿಡಲ್ಲ. ವಿಮಾನದಲ್ಲಿ ಹೋಗುವುದಾದರೆ ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಲ್ಲಿ ಇಳಿದ ಮೇಲೆ ಕೊಳ್ಳಿ. ಆಮೇಲೆ ಬ್ಯಾಗಿನ ತಳಕ್ಕೆ ತುರುಕದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಮಧ್ಯರಾತ್ರಿ ಶೌಚಾಲಯಕ್ಕೆ ಹೋಗುವಾಗಲೂ.